ದಾರ ಎಳೆದರೂ ಬ್ಲೈಂಡ್ಸ್ ಪಟ್ಟಿ ತಿರುಗುತ್ತಿಲ್ಲ, ಪೂರ್ತಿ ಬದಲಿಸಬೇಕಾ?

ಪ್ರಶ್ನೆ: ಸರ್, ನಮ್ಮ ಕಿಟಕಿಗೆ ಅಡ್ಡಪಟ್ಟಿಯ ಬ್ಲೈಂಡ್ಸ್ ಇದೆ. ಪಟ್ಟಿ ತೆರೆಯಲು, ಮುಚ್ಚಲು ಎಡಗಡೆ ಎರಡು ದಾರ ಇವೆ. ಈಗ ಯಾವುದನ್ನು ಎಳೆದರೂ ಟಕ್ ಟಕ್ ಅನ್ನುತ್ತೆ ಅಷ್ಟೇ, ಪಟ್ಟಿ ತಿರುಗಲ್ಲ. ಮೇಲೆತ್ತಿ ಇಳಿಸುವುದು ಮಾತ್ರ ಸರಿಯಾಗಿದೆ. ಹೊಸದೇ ತರಬೇಕಾ?

ಉತ್ತರ: ಬೇಡ ಮೇಡಂ. ಎತ್ತುವ ಭಾಗ ಬೇರೆ, ತಿರುಗಿಸುವ ಭಾಗ ಬೇರೆ. ನಿಮ್ಮದು ಟಿಲ್ಟರ್ ಹೋಗಿರುವ ಲಕ್ಷಣ. ಮೇಲಿನ ಚಾನಲ್ ಒಳಗಿರುವ ಪುಟ್ಟ ಗೇರ್ ಡಬ್ಬಿ ಅದು. ಒಳಗಿನ ಹಲ್ಲು ಹೆಚ್ಚಾಗಿ ಪ್ಲಾಸ್ಟಿಕ್. ಪಟ್ಟಿ ಪೂರ್ತಿ ಮುಚ್ಚಿದ ಮೇಲೂ ಎಳೀತಾನೇ ಇದ್ದರೆ ಸವೆಯದೆ ಏನಾಗುತ್ತೆ ಹೇಳಿ.

ಬ್ಲೈಂಡ್ಸ್ ಅನ್ನು ಬ್ರಾಕೆಟ್‌ನಿಂದ ಇಳಿಸಿ. ಚಾನಲ್ ಉದ್ದಕ್ಕೂ ಒಂದು ರಾಡ್ ಕಾಣುತ್ತೆ. ಅದನ್ನು ಪಕ್ಕಕ್ಕೆ ಜಾರಿಸಿ ಟಿಲ್ಟರ್‌ನಿಂದ ಬಿಡಿಸಿ, ಆಮೇಲೆ ಕೈಯಲ್ಲಿ ತಿರುಗಿಸಿ. ಪಟ್ಟಿಗಳೆಲ್ಲ ಒಟ್ಟಿಗೆ ವಾಲಿದರೆ ಟಿಲ್ಟರ್ ಒಂದೇ ಬದಲಿಸಿ. ಒಂದು ಬದಿ ಮಾತ್ರ ವಾಲಿದರೆ ಪಟ್ಟಿಗಳನ್ನು ಹಿಡಿದಿರುವ ಏಣಿಯಂಥ ದಾರ ಕಿತ್ತಿದೆ ಅಥವಾ ಜಾರಿದೆ, ಹೊಸ ಟಿಲ್ಟರ್ ಹಾಕಿ ಪ್ರಯೋಜನವಿಲ್ಲ.

ಜನ ಎಡವುವುದು ಅಳತೆಯಲ್ಲಿ. ರಾಡ್ ಚೌಕವೇ, ಆರು ಮೂಲೆಯೇ, ಇಂಗ್ಲಿಷ್ ಡಿ ಅಕ್ಷರದ ಹಾಗಿದೆಯೇ ನೋಡಿ, ದಪ್ಪ ಅಳೆಯಿರಿ. ಚಾನಲ್‌ನ ಒಳಗಿನ ಅಗಲ, ಎತ್ತರವೂ ಬೇಕು. ಟಿಲ್ಟರ್‌ನ ತೂತು ಚಾನಲ್ ತಳದಿಂದ ಎಷ್ಟು ಮೇಲಿದೆ ಅನ್ನುವುದನ್ನು ಯಾರೂ ಅಳೆಯಲ್ಲ. ಅದು ಸ್ವಲ್ಪ ಹೆಚ್ಚುಕಡಿಮೆಯಾದರೂ ರಾಡ್ ಬಿಗಿಯುತ್ತದೆ, ಹೊಸ ಹಲ್ಲೂ ಬೇಗ ಸವೆಯುತ್ತದೆ.

ಇನ್ನೊಬ್ಬ ಸದಸ್ಯರು: ಸೂಪರ್‌ಗ್ಲೂ ಹಾಕಿದರೆ ಆಯ್ತು ಅಲ್ವಾ?

ಉತ್ತರ: ಸವೆದ ಹಲ್ಲಿಗೆ ಅಂಟು ನಿಲ್ಲಲ್ಲ ಸರ್. ಒಳಗೆ ಹರಿದು ಗೇರನ್ನೇ ಕಚ್ಚಿಸಿಬಿಡುತ್ತೆ.

ಪ್ರಶ್ನೆ ಕೇಳಿದವರು: ಮನೆಯಲ್ಲಿ ಎರಡು ವರ್ಷದ ಮಗು ಇದೆ ಸರ್. ದಾರಗಳನ್ನು ಸೇರಿಸಿ ಮೇಲೆ ಗಂಟು ಹಾಕಿದ್ದೇನೆ. ಸಾಕಾ?

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ಮೇಡಂ! ದಯವಿಟ್ಟು ಆ ಗಂಟು ಇವತ್ತೇ ಬಿಚ್ಚಿ. ಎರಡು ದಾರ ಸೇರಿಸಿ ಗಂಟು ಹಾಕಿದರೆ ಅದೇ ಕುಣಿಕೆ. ಕುತ್ತಿಗೆಗೆ ಸಿಕ್ಕಿದರೆ ಮಗು ಕಿರುಚಲೂ ಆಗಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗಲ್ಲ, ನಿಮಿಷಗಳಲ್ಲಿ ಜೀವ ಹೋಗುತ್ತದೆ.

ಹೇಗೂ ಟಿಲ್ಟರ್ ಬದಲಿಸುತ್ತೀರಿ. ದಾರದ್ದು ಬೇಡ, ಕಡ್ಡಿ ತಿರುಗಿಸುವಂಥದ್ದನ್ನೇ ಹಾಕಿ. ಅಳತೆ ಹೊಂದಿದರೆ ಅದೇ ಜಾಗದಲ್ಲಿ ಕೂರುತ್ತೆ, ಎರಡು ದಾರ ಕಡಿಮೆಯಾಗುತ್ತೆ.

ಎತ್ತುವ ದಾರ ಆಮೇಲೂ ಇರುತ್ತೆ. ಅದರ ತುದಿಗಳು ಕೂಡಿದ್ದರೆ ಕತ್ತರಿಸಿ ಬೇರೆ ಬೇರೆ ಗುಂಡು ಹಾಕಿ. ಉಳಿದ ಉದ್ದವನ್ನು ಗೋಡೆಯ ಮೇಲೆ ಎತ್ತರದ ಕೊಕ್ಕೆಗೆ ಸುತ್ತಿಡಿ. ಯುರೋಪಿನ ಮಾನದಂಡದಲ್ಲಿ ಆ ಕೊಕ್ಕೆ ನೆಲದಿಂದ ಕನಿಷ್ಠ 1.5 ಮೀಟರ್ ಮೇಲಿರಬೇಕು. ಪಟ್ಟಿಗಳ ನಡುವಿನ ದಾರವನ್ನೂ ಮಗು ಎಳೆದು ಕುಣಿಕೆ ಮಾಡಬಲ್ಲದು. ಅದನ್ನು ತಡೆಯಲು ಎತ್ತುವ ದಾರಕ್ಕೆ ತಡೆಮಣಿ ಹಾಕುತ್ತಾರೆ. ಬ್ಲೈಂಡ್ಸ್ ಪೂರ್ತಿ ಇಳಿಸಿದಾಗ ಮಣಿ ಚಾನಲ್‌ನಿಂದ ಒಂದೆರಡು ಇಂಚು ಕೆಳಗಿರಲಿ.

ನಿಜ ಹೇಳಬೇಕೆಂದರೆ, ಮಗು ಮಲಗುವ ಕೋಣೆಯಲ್ಲಿ ನಾನು ದಾರವಿಲ್ಲದ ಬ್ಲೈಂಡ್ಸ್ ಬಿಟ್ಟು ಬೇರೆ ಹಾಕುವುದಿಲ್ಲ. ಅಮೆರಿಕದಲ್ಲಿ 2018ರ ಡಿಸೆಂಬರ್‌ನಿಂದ ಸಿದ್ಧ ಬ್ಲೈಂಡ್ಸ್‌ಗೆ ಇದೇ ಮಾನದಂಡ: ದಾರ ಇರಬಾರದು, ಇದ್ದರೆ ಕೈಗೆ ಸಿಗಬಾರದು ಅಥವಾ ತೀರಾ ಗಿಡ್ಡ ಇರಬೇಕು.

ಪ್ರಶ್ನೆ ಕೇಳಿದವರು: ಗಂಟು ಬಿಚ್ಚಿದೆ ಸರ್. ತೊಟ್ಟಿಲನ್ನೂ ಕಿಟಕಿಯಿಂದ ದೂರ ಸರಿಸಿದೆವು. ರಾಡ್ ಆರು ಮೂಲೆಯದು, 6 ಮಿಲಿಮೀಟರ್‌ಗಿಂತ ಚೂರು ಜಾಸ್ತಿ.

ಉತ್ತರ: ಹಾಗಾದರೆ ಕಾಲು ಇಂಚಿನದು. ಹಳೇ ಟಿಲ್ಟರ್ ಕೈಯಲ್ಲೇ ಹಿಡಿದುಕೊಂಡು ಹೋಗಿ ಹೋಲಿಸಿ ತನ್ನಿ. ಕೂರಿಸುವಾಗ ಪಟ್ಟಿಗಳನ್ನು ನೇರ ಮಲಗಿಸಿ, ಟಿಲ್ಟರ್ ಅನ್ನು ಅದರ ತಿರುವಿನ ನಡುಮಧ್ಯೆ ನಿಲ್ಲಿಸಿ, ಆಮೇಲೆ ರಾಡ್ ತೂರಿಸಿ. ಇಲ್ಲದಿದ್ದರೆ ಒಂದೇ ಕಡೆಗೆ ಮುಚ್ಚುತ್ತೆ, ಮತ್ತೆ ಬಿಚ್ಚಬೇಕಾಗುತ್ತೆ.