ಕೆಂಗೇರಿ ಉಪನಗರದ 30×40 ಮನೆ, ಮುಂದಿನ ವರ್ಷ ಮಾರಾಟ: ಈಗಿನಿಂದ ಏನೇನು ಮಾಡಿಟ್ಟುಕೊಳ್ಳಬೇಕು?

ಉಪನಗರವಾಸಿ:
ಮೂಲ ಬಿಡಿಎ ಹಂಚಿಕೆ ಸೈಟು. ಕೆಳಮನೆ, ಮೇಲ್ಮನೆ ಸೇರಿ 1,500 ಚದರಡಿ, ಕಟ್ಟಿ 20 ವರ್ಷ. ತಾರಸಿ ಮೇಲೊಂದು ಶೀಟ್ ರೂಮ್ ಇದೆ, ಅದು ಪ್ಲಾನ್‌ನಲ್ಲಿಲ್ಲ. ತಂದೆ 2010ರ ಆಗಸ್ಟಿನಲ್ಲಿ 40 ಲಕ್ಷಕ್ಕೆ ಕೊಂಡಿದ್ದು. ಬ್ಯಾಂಕ್ ಸಾಲ ತೀರಿದೆ, ಎನ್‌ಒಸಿ ಕೈಯಲ್ಲಿದೆ. 2021ರಲ್ಲಿ ತಂದೆ ತೀರಿಕೊಂಡರು, ಮನೆಯ ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಇರುವವರು ಅಮ್ಮ, ನಾನು, ಕೆನಡಾದಲ್ಲಿರುವ ಅಕ್ಕ. ಮೇಲ್ಮನೆ 12 ಲಕ್ಷಕ್ಕೆ ಲೀಸ್‌ಗಿದೆ, ಮುಂದಿನ ಮೇ ತಿಂಗಳಿಗೆ ಮುಗಿಯುತ್ತೆ.

ಮೆಟ್ರೋ ಬಂದಾಗ ಏರಿದ ರೇಟು ಈಗ ನಿಂತ ಹಾಗಿದೆ. ಪಕ್ಕದ ಬೀದಿಯಲ್ಲಿ ಒಂದೂವರೆ ಕೋಟಿ ಹೇಳಿದ ಮನೆ ಎಂಟು ತಿಂಗಳಿಂದ ಹಾಗೇ ಇದೆ. ನಮ್ಮದಕ್ಕೆ ಬ್ರೋಕರ್ 1.20 ಕೋಟಿ ಅಂತಿದ್ದಾರೆ. ಬಣ್ಣ ಹೊಡೆಸಿ ಬೇಗ ಮಾರೋದೋ, ಕಾಯೋದೋ?

ಪತ್ರಬರಹ:
ಬಣ್ಣದ ಮಾತು ಆಮೇಲೆ. 2024ರ ಅಕ್ಟೋಬರಿನಿಂದ ಬೆಂಗಳೂರು ನಗರದಲ್ಲಿ ಇ-ಖಾತೆ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ಕ್ರಯಪತ್ರ ನೋಂದಣಿ ಆಗಲ್ಲ. ಇ-ಖಾತೆಗೆ ಮಾಲೀಕರ ಆಧಾರ್ ಇ-ಕೆವೈಸಿ ಬೇಕು. ತೀರಿಕೊಂಡವರ ಹೆಸರಲ್ಲಿ ಅದು ಸಾಧ್ಯವಿಲ್ಲ, ಹಾಗಾಗಿ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ತಂದೆಯ ಕ್ರಯಪತ್ರ, ಇಸಿ (ಋಣಭಾರ ಪತ್ರ), ಚಾಲ್ತಿ ವರ್ಷದ ಕಂದಾಯ ರಸೀದಿ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೋ ಜೋಡಿಸಿಕೊಳ್ಳಿ. ಅಕ್ಕನಿಗೆ ಆಧಾರ್ ಇಲ್ಲದಿದ್ದರೆ ಬದಲಿಗೆ ಏನು ಕೊಡಬೇಕು ಅಂತ ಎಆರ್‌ಒ (ಪಾಲಿಕೆಯ ಸಹಾಯಕ ಕಂದಾಯ ಅಧಿಕಾರಿ) ಕಚೇರಿಯಲ್ಲಿ ಈಗಲೇ ಕೇಳಿಡಿ, ಕಡತ ನಿಲ್ಲೋದು ಇಂಥ ಕಡೆಯೇ. ಹೆಸರಿನ ಅಕ್ಷರ ಕ್ರಯಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೂ ಅಷ್ಟೇ.

ವಂಶವೃಕ್ಷದಲ್ಲಿ ಬಹಳ ಜನ ಎಡವೋದು ಅಜ್ಜಿಯ ವಿಷಯದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ಆತನ ತಾಯಿಗೂ ಸಮಪಾಲು. 2021ರಲ್ಲಿ ನಿಮ್ಮ ತಂದೆಯ ತಾಯಿ ಬದುಕಿದ್ದರೆ ಅವರಿಗೂ ಪಾಲು ಬಂತು. ಅವರು ಆಮೇಲೆ ಹೋಗಿದ್ದರೆ ಆ ಪಾಲು ಅತ್ತೆ, ಚಿಕ್ಕಪ್ಪಂದಿರವರೆಗೂ ಹರಿದಿರುತ್ತೆ. ಕೊಳ್ಳುವವರ ವಕೀಲರು ಮೊದಲು ಕೇಳುವ ಪ್ರಶ್ನೆಯೇ ಇದು. ನೀವೇ ಮೊದಲು ಕೇಳಿಕೊಳ್ಳಿ.

ಎನ್‌ಒಸಿ ಇದ್ದ ಮಾತ್ರಕ್ಕೆ ಸಾಲದ ಕಥೆ ಮುಗಿಯಲಿಲ್ಲ. ಸಾಲ ತೆಗೆದಾಗ ಹಕ್ಕುಪತ್ರ ಠೇವಣಿಯ ಮೆಮೊರಾಂಡಂ ನೋಂದಣಿ ಆಗಿದ್ದರೆ, ಡಿಸ್ಚಾರ್ಜ್ ಡೀಡ್ (ಸಾಲ ತೀರಿತು ಅನ್ನೋ ನೋಂದಾಯಿತ ಪತ್ರ) ಮಾಡಿಸುವ ತನಕ ಇಸಿಯಲ್ಲಿ ಋಣಭಾರ ಹಾಗೇ ತೋರಿಸುತ್ತೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 1-4-2004ರಿಂದ ಇವತ್ತಿನವರೆಗೆ ಇಸಿ ತೆಗೆದು ನೋಡಿ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಬೇರೆಯಾಗಿ ಪಡೆಯಬೇಕು. ಬಿಡಿಎ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು, ಶುದ್ಧ ಕ್ರಯಪತ್ರ, ಈ ಸರಪಳಿಯಲ್ಲಿ ಒಂದು ಕೊಂಡಿ ಕಳೆದಿದ್ದರೂ ದೃಢೀಕೃತ ನಕಲಿಗೆ ಈಗಲೇ ಅರ್ಜಿ ಹಾಕಿ.

ಅಕ್ಕನ ಕಡೆಯಿಂದ ಜನರಲ್ ಪವರ್ ಆಫ್ ಅಟಾರ್ನಿ (ಎಲ್ಲ ವ್ಯವಹಾರಕ್ಕೂ ಕೊಡುವ ಅಧಿಕಾರ ಪತ್ರ) ತರಿಸಬೇಡಿ. ಈ ಒಂದು ಆಸ್ತಿಯ ಚೆಕ್ಕುಬಂದಿ ಬರೆದ ಸ್ಪೆಷಲ್ ಪವರ್ ಸಾಕು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಕಟ್ಟಿಸಬೇಕು. ಗಿರಾಕಿ ಗೊತ್ತಾಗೋ ಮೊದಲೇ ತರಿಸಿದರೆ ಹಳೆಯದಾಯ್ತು ಅಂತ ಬ್ಯಾಂಕ್ ತಕರಾರು ತೆಗೆಯಬಹುದು. ಕರಡು ಮಾತ್ರ ಸಿದ್ಧ ಇಟ್ಟಿರಿ.

ಸಾಲದಮೇಜು:
ಬೆಲೆ ವಿಷಯ. ಬ್ರೋಕರ್ ಹೇಳಿದ್ದನ್ನು ಪಕ್ಕಕ್ಕಿಟ್ಟು ವ್ಯಾಲ್ಯೂಯರ್ (ಸಾಲ ಕೊಡೋ ಬ್ಯಾಂಕಿನ ಪರವಾಗಿ ಬೆಲೆ ಕಟ್ಟೋರು) ಹೇಗೆ ನೋಡ್ತಾರೆ ಅಂತ ಲೆಕ್ಕ ಹಾಕಿ. ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ ಆಯಸ್ಸು, ಕೊನೆಗೆ 10% ಉಳಿಕೆ ಅಂತ ಹಿಡಿದರೆ 20 ವರ್ಷಕ್ಕೆ ಸವಕಳಿ 30%. ಕಟ್ಟೋ ಖರ್ಚು ಚದರಡಿಗೆ 2,000 ಅಂದರೆ 1,500 ಚದರಡಿಗೆ 30 ಲಕ್ಷ, ಸವಕಳಿ ಕಳೆದು 21 ಲಕ್ಷ. 1.20 ಕೋಟಿಯಲ್ಲಿ ಉಳಿದ 99 ಲಕ್ಷ ಸೈಟಿನದು, ಅಂದರೆ ಚದರಡಿಗೆ 8,250. ನಿಮ್ಮ ಬೀದಿಯಲ್ಲಿ ಕಳೆದ ಆರು ತಿಂಗಳಲ್ಲಿ ಕೈಬದಲಾದ ಸೈಟುಗಳು ಇದಕ್ಕಿಂತ ಮೇಲೋ ಕೆಳಗೋ ಅನ್ನೋದೇ ಪ್ರಶ್ನೆ. ಬೋರ್ಡಿನ ಮೇಲಿನ ರೇಟಲ್ಲ, ಆದ ವ್ಯಾಪಾರದ ರೇಟು ಬೇಕು. ಶೀಟ್ ರೂಮ್‌ಗೆ ವ್ಯಾಲ್ಯೂಯರ್ ಒಂದು ರೂಪಾಯೂ ಹಾಕಲ್ಲ. ಪ್ಲಾನ್ ಉಲ್ಲಂಘನೆ ಅಂತ ವರದಿಯಲ್ಲಿ ಬರೆಯೋ ಮೊದಲು ತೆಗೆಸಿಬಿಡಿ.

ಇನ್ನು ಕೊಳ್ಳುವವರ ಜೇಬು. 75 ಲಕ್ಷಕ್ಕಿಂತ ದೊಡ್ಡ ಗೃಹಸಾಲಕ್ಕೆ ಆಸ್ತಿ ಮೌಲ್ಯದ 75% ಮಿತಿ, ಅಂದರೆ ನಿಮ್ಮ ಮನೆಗೆ ಹೆಚ್ಚೆಂದರೆ 90 ಲಕ್ಷ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 9.12 ಲಕ್ಷ. ಇದಕ್ಕೆ ಸಾಲ ಇಲ್ಲ. ಹಾಗಾಗಿ ಗಿರಾಕಿ ಹತ್ತಿರ 39 ಲಕ್ಷ ಕೈಯಲ್ಲಿರಬೇಕು. 90 ಲಕ್ಷಕ್ಕೆ 20 ವರ್ಷ, 8% ಬಡ್ಡಿಯಲ್ಲಿ ಇಎಂಐ ಸುಮಾರು 75,280, 9% ಆದರೆ 80,980. ಸಂಬಳದ ಅರ್ಧ ಇಎಂಐಗೆ ಅಂದರೂ ಕೈಗೆ ಬರೋದು ಒಂದೂವರೆ ಲಕ್ಷ ದಾಟಿರಬೇಕು. ಅಂಥವರು ಮೈಸೂರು ರಸ್ತೆಯ ಹೊಸ ಫ್ಲ್ಯಾಟುಗಳನ್ನೂ ನೋಡ್ತಿರ್ತಾರೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಅವರು 5% ಜಿಎಸ್‌ಟಿ ಕೊಡಬೇಕು, ನಿಮ್ಮ ಮನೆಗೆ ಅದಿಲ್ಲ. ಮಾತುಕತೆಯಲ್ಲಿ ಇದನ್ನು ಹೇಳಿ.

ಕಾಯಬೇಕೋ ಅಂದರೆ, ನನ್ನ ಲೆಕ್ಕದಲ್ಲಿ ಬೇಡ. ಫ್ಲ್ಯಾಟುಗಳು ಹೆಚ್ಚಿದಷ್ಟೂ ಗಿರಾಕಿ ಚೌಕಾಸಿ ಮಾಡ್ತಾನೆ, ನಿಮ್ಮ ಕಟ್ಟಡದ ಸವಕಳಿ ವರ್ಷಕ್ಕೆ 1.5% ನಡೀತಾನೇ ಇರುತ್ತೆ. ಲೀಸಿನವರ 12 ಲಕ್ಷ ಹಿಂತಿರುಗಿಸೋ ದುಡ್ಡು ಬೇರೆ ಇಡಿ. ಗಿರಾಕಿಯ ಅಡ್ವಾನ್ಸ್‌ನಲ್ಲೇ ತೀರಿಸ್ತೀವಿ ಅಂತ ಹೊರಟರೆ, ಮನೆ ಖಾಲಿಯಾಗದೆ ಅವರ ಬ್ಯಾಂಕ್ ಚೆಕ್ ಬಿಡಲ್ಲ, ಚೆಕ್ ಬರದೆ ಮನೆ ಖಾಲಿಯಾಗಲ್ಲ.

ಲೆಕ್ಕಿಗ:
ತೆರಿಗೆ. ಮೂವರೇ ವಾರಸುದಾರರು ಅಂತ ಹಿಡಿದಿದ್ದೇನೆ, ತಲಾ 40 ಲಕ್ಷ. ಪಿತ್ರಾರ್ಜಿತವಾದ್ದರಿಂದ ತಂದೆ ಕೊಟ್ಟ 40 ಲಕ್ಷವೇ ಮೂಲ ಬೆಲೆ. 2024ರ ಜುಲೈ 23ಕ್ಕೆ ಮೊದಲೇ ಬಂದ ಆಸ್ತಿ, ಹಾಗಾಗಿ ಇಲ್ಲೇ ವಾಸವಿರುವ ನಿಮಗೆ ಮತ್ತು ಅಮ್ಮನಿಗೆ ಎರಡು ದಾರಿ: ಸೂಚ್ಯಂಕವಿಲ್ಲದೆ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸದೆ) 12.5%, ಇಲ್ಲವೇ ಸೂಚ್ಯಂಕದೊಂದಿಗೆ 20%, ಯಾವುದು ಕಡಿಮೆಯೋ ಅದು. 2010-11ರ ಸೂಚ್ಯಂಕ 167, 2025-26ರದು 376. ಆ ಲೆಕ್ಕಕ್ಕೆ 40 ಲಕ್ಷ 90.06 ಲಕ್ಷವಾಗುತ್ತೆ. 1.20 ಕೋಟಿಗೆ ಮಾರಿದರೆ ಒಬ್ಬೊಬ್ಬರ ಲಾಭ 9.98 ಲಕ್ಷ, ತೆರಿಗೆ ಸುಮಾರು 2 ಲಕ್ಷ. 12.5% ದಾರಿಯಲ್ಲಿ 3.33 ಲಕ್ಷ. ಎರಡರ ಮೇಲೂ 4% ಸೆಸ್. ಮಾರಾಟ ಬೆಲೆ 1.73 ಕೋಟಿ ದಾಟಿದರೆ ಮಾತ್ರ 12.5% ಅಗ್ಗ. ವಾರಸುದಾರರಿಗೂ ತಂದೆ ಕೊಂಡ ವರ್ಷದಿಂದಲೇ ಸೂಚ್ಯಂಕ ಹಿಡಿಯಬಹುದು ಅಂತ 2011ರ ಬಾಂಬೆ ಹೈಕೋರ್ಟ್ ತೀರ್ಪಿದೆ, ನಿಮ್ಮ ಸಿಎಗೆ ಹೇಳಿ.

ಅಕ್ಕನಿಗೆ ಸೂಚ್ಯಂಕದ ಆಯ್ಕೆ ಇಲ್ಲ. ನಿಮಗೆ, ಅಮ್ಮನಿಗೆ ಟಿಡಿಎಸ್ (ಗಿರಾಕಿ ಮುಂಚೆಯೇ ಹಿಡಿದು ಕಟ್ಟೋ ತೆರಿಗೆ) 1%, ತಲಾ 40,000. ಪಾಲು 50 ಲಕ್ಷದ ಒಳಗಿದೆ ಅಂತ ಬಿಡೋ ಹಾಗಿಲ್ಲ, 2024ರ ಅಕ್ಟೋಬರಿನಿಂದ ಒಟ್ಟು ಬೆಲೆ ನೋಡ್ತಾರೆ. ಅಕ್ಕನ ಪಾಲಿಗೆ ಮಾತ್ರ ಗಿರಾಕಿ ಸುಮ್ಮನೆ ಪೂರ್ತಿ 40 ಲಕ್ಷದ ಮೇಲೆ 12.5% ಹಿಡೀತಾರೆ, ಸೆಸ್ ಸೇರಿ 5.2 ಲಕ್ಷ. ನಿಜವಾದ ತೆರಿಗೆ ಸುಮಾರು 3.47 ಲಕ್ಷ. ಇದನ್ನು ತಪ್ಪಿಸಲು ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅಕ್ಕ ಅರ್ಜಿ ಹಾಕಬೇಕು. ಅದು ನಿರ್ದಿಷ್ಟ ಗಿರಾಕಿಯ ಹೆಸರಿಗೇ ಕೊಡುವುದರಿಂದ ಕರಾರು ಆಗೋವರೆಗೆ ಅರ್ಜಿ ಹಾಕಲಾಗದು. ಹಾಗಾಗಿ ಮಾರಾಟ ಕರಾರಿನಲ್ಲಿ ಕನಿಷ್ಠ 90 ದಿನ ಇಡಿ, 45 ದಿನಕ್ಕೆ ಒಪ್ಪಬೇಡಿ.

ಅಮ್ಮ ಬೇರೆ ಮನೆ ಕೊಂಡರೆ, ಮಾರಾಟಕ್ಕೆ ಒಂದು ವರ್ಷ ಮುಂಚೆಯಿಂದ ಎರಡು ವರ್ಷದ ನಂತರದವರೆಗೆ ವಿನಾಯಿತಿ. ಇಲ್ಲವಾದರೆ ಆರು ತಿಂಗಳೊಳಗೆ 50 ಲಕ್ಷದವರೆಗೆ ಈ ವಿನಾಯಿತಿಗೆಂದೇ ಇರುವ ಬಾಂಡ್, ಐದು ವರ್ಷ ಮುಟ್ಟೋ ಹಾಗಿಲ್ಲ. ನಗದು ಎಷ್ಟು ಅಂತ ಯಾರಾದರೂ ಕೇಳಿದರೆ ಅಲ್ಲೇ ಮಾತು ಮುಗಿಸಿ. 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ಅಷ್ಟೇ ಮೊತ್ತ ದಂಡ ಬೀಳುತ್ತೆ.

ಉಪನಗರವಾಸಿ:
ಅಜ್ಜಿ 2016ರಲ್ಲೇ ಹೋದರು, ಅದೊಂದು ನಿರಾಳ. ಹಿತ್ತಲ ಕಡೆ ಬಾತ್‌ರೂಮ್ ಗೋಡೆಯ ಹೊರಗೆ ತೇವ ಇದೆ, ಪೇಂಟ್ ಉಬ್ಬಿದೆ. ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದರೆ ಸಾಕಾ?

ಹಳೇಗಾರೆ:
ಸಾಲದು. ಬಿಳೀ ಪುಡಿ ಉದುರುತ್ತಿದ್ದರೆ ಅದು ಗಾರೆಯೊಳಗಿನ ಉಪ್ಪು, ನೀರು ಒಣಗುವಾಗ ಮೇಲೆ ಬರೋದು. ನೀರು ನಿಲ್ಲಿಸದೆ ಪುಟ್ಟಿ ಬಳಿದರೆ ಒಂದು ಮಳೆಗಾಲದಲ್ಲಿ ಹಪ್ಪಳದ ಹಾಗೆ ಏಳುತ್ತೆ, ಗಿರಾಕಿಗೆ ಮುಚ್ಚಿಟ್ಟಿದ್ದಾರೆ ಅನ್ನೋ ಅನುಮಾನ ಬೇರೆ. ಒಂದು ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪೈಪ್ ಸೋರುತ್ತಿದೆ. ಇಳಿಯದಿದ್ದರೆ ನಹನಿ ಟ್ರ್ಯಾಪಿನ (ಬಾತ್‌ರೂಮ್ ನೆಲದ ನೀರು ಹೋಗೋ ತೂತು) ಸುತ್ತ ಅಥವಾ ಟೈಲ್ಸ್ ಸಂದಿಯಲ್ಲಿ ಹುಡುಕಿ. ಸರಿಪಡಿಸಿದ ಮೇಲೆ ಸಡಿಲ ಪ್ಲಾಸ್ಟರ್ ಕೆತ್ತಿ, ಗೋಡೆ ಪೂರ್ತಿ ಒಣಗಲು ಬಿಟ್ಟು ಮತ್ತೆ ಗಾರೆ ಮಾಡಿಸಿ. ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗ್ ಬೇಡ. ಸೈಟಿನ ಬೆಲೆಗೆ ಕೊಳ್ಳುವವರು ಅದಕ್ಕೆ ದುಡ್ಡು ಕೊಡಲ್ಲ.

ಸಮಯ ಹೀಗೆ ಇಟ್ಟುಕೊಳ್ಳಿ. ಪ್ಲಂಬಿಂಗ್, ತಾರಸಿ ಬಿರುಕು ಫೆಬ್ರವರಿ-ಮಾರ್ಚ್‌ನಲ್ಲಿ. ಮೇನಲ್ಲಿ ಲೀಸಿನವರು ಹೋಗ್ತಾರೆ. ಆಷಾಢದಲ್ಲಿ ಯಾರೂ ಟೋಕನ್ ಕೊಡಲ್ಲ, ಆ ಮಳೆಯಲ್ಲಿ ಗೋಡೆ ನಿಂತಿತಾ ನೋಡಿಕೊಳ್ಳಿ. ಶ್ರಾವಣದಲ್ಲಿ ಒಳಗಿನ ಬಣ್ಣ ಮುಗಿಸಿ ತೋರಿಸಲು ಶುರು ಮಾಡಿ, ಹೊರಗೋಡೆಗೆ ಮಳೆ ಬಿಟ್ಟ ಮೇಲೆ ಒಂದು ಕೋಟ್ ಸಾಕು. ಪಿತೃಪಕ್ಷ ಕಳೆದ ಮೇಲೆ ದಸರಾದಿಂದ ಧನುರ್ಮಾಸ ಹಿಡಿಯೋವರೆಗೆ ಮಾತುಕತೆಗೆ ಒಳ್ಳೇ ಅವಧಿ. ಅಷ್ಟರಲ್ಲಿ ಇ-ಖಾತೆ ಕೈಯಲ್ಲಿರಲಿ.