ಅಪ್‌ಡೇಟ್: ಟ್ರ್ಯಾಕ್ ಪ್ಯಾಂಟ್‌ಗೆ ರಿವಾಲ್ವರ್ ಹೊಂದಿತು

ಬೆಳಿಗ್ಗೆ ಉಣಕಲ್ ಕೆರೆಗೆ ವಾಕಿಂಗ್ ಹೋಗುವಾಗ ಬೆಲ್ಟ್ ಇರುವುದಿಲ್ಲ, ಲೈಸೆನ್ಸ್ ಇರುವ ರಿವಾಲ್ವರ್ ಎಲ್ಲಿಟ್ಟುಕೊಳ್ಳಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್ ರೀ.

ಮೊದಲು ಜೇಬಿನಲ್ಲಿಟ್ಟು ನೋಡಿದೆ. .32 ಬೋರ್‌ನದು, ಸುಮಾರು 700 ಗ್ರಾಂ. ನಾಲ್ಕು ಹೆಜ್ಜೆಗೆ ಪ್ಯಾಂಟ್ ಒಂದು ಕಡೆ ಜಾರಿತು. ಲಾಡಿ ಬಿಗಿದರೆ ಹೊಟ್ಟೆ ಮೇಲೆ ಬರೆ. ನಮ್ಮಾಕೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನೀವು ಹೇಳಿದ ಬೆಲ್ಲಿ ಬ್ಯಾಂಡ್ ತಗೊಂಡೆ. ಅಗಲವಾದ ಎಲಾಸ್ಟಿಕ್ ಪಟ್ಟಿ, ಬನಿಯನ್ ಮೇಲೆ ಸುತ್ತಿ ವೆಲ್ಕ್ರೋ ಅಂಟಿಸಿದರೆ ಆಯ್ತು. ಆದರೆ ಬಟ್ಟೆ ಮೆತ್ತಗೆ, ಟ್ರಿಗರ್ ಒತ್ತಿಬಿಟ್ಟರೆ ಅಂತ ಭಯ. ಅದಕ್ಕೆ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ರಿವಾಲ್ವರ್ ಇಡುವ ಒರೆ) ಪಟ್ಟಿಯೊಳಗೆ ಸೇರಿಸಿದೆ. ಗುಂಡು ತೆಗೆದು ಮನೆಯಲ್ಲೇ ಒಂದು ವಾರ ಬಸ್ಕಿ ಹೊಡೆದು ನೋಡಿದೆ, ಅಲುಗಲಿಲ್ಲ. ಬೆವರು ಮಾತ್ರ ಜಾಸ್ತಿ. ದಿನಾ ಒರೆಸಿ ಎಣ್ಣೆ ಹಚ್ಚಬೇಕು.

ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂದವರಿಗೆ ಒಂದು ಮಾತು: 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಹೊರಗೆ ಒಯ್ಯುವಾಗ ಹೋಲ್‌ಸ್ಟರ್ ಇಲ್ಲವೇ ಬ್ಯಾಗ್ ಬೇಕೇ ಬೇಕು, ಪೂರ್ತಿ ಮುಚ್ಚಿರಲೂ ಬೇಕು. ಲೈಸೆನ್ಸನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಅದೇ ಪಟ್ಟಿಯ ಇನ್ನೊಂದು ಜೇಬಿನಲ್ಲಿಟ್ಟಿದ್ದೇನೆ.