ತುಮಕೂರಿಂದ ಬಂದು ಬೆಂಗಳೂರಿನ ಪಬ್, ಕ್ಲಬ್ ನೋಡಬೇಕು, ಎಲ್ಲಿಂದ ಶುರು ಮಾಡೋದು?

ಶಿರಾಗೇಟ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ. ಜೊತೆಗೆ ಒಬ್ಬನ ಹೆಂಡತಿಯೂ ಬರುತ್ತಾರೆ. ಮುಂದಿನ ತಿಂಗಳು ಒಂದು ಶನಿವಾರ ಬೆಂಗಳೂರಿಗೆ ಬಂದು ಅಲ್ಲಿನ ಪಬ್, ಬ್ರೂವರಿ, ಕ್ಲಬ್ ಎಲ್ಲ ಹೇಗಿರುತ್ತೆ ಅಂತ ನೋಡಬೇಕು ಅಂತ ಆಸೆ.

ಊರಲ್ಲಿ ನಮಗೆ ಗೊತ್ತಿರುವುದು ಬಿ.ಎಚ್. ರಸ್ತೆಯ ಬಾರ್ ಅಂಡ್ ರೆಸ್ಟೋರೆಂಟ್. ಮಬ್ಬು ಬೆಳಕು, ಒಂದು ಕ್ವಾರ್ಟರ್, ಒಂದು ಚಿಲ್ಲಿ ಚಿಕನ್, ಬೇಗ ಮುಗಿಸಿ ಎದ್ದು ಬರುವುದು. ಹೆಂಗಸರನ್ನು ಕರೆದುಕೊಂಡು ಹೋಗಿ ಎರಡು ಗಂಟೆ ನೆಮ್ಮದಿಯಾಗಿ ಕೂತು ಮಾತಾಡುವ ಜಾಗ ಅಲ್ಲ ಅದು. ನಮಗೆ ಬೇಕಿರುವುದು ಆ ನೆಮ್ಮದಿ, ಜೊತೆಗೆ ಒಳ್ಳೆ ಹಾಡು.

ಒಬ್ಬ ಗೆಳೆಯ ಕುಡಿಯುವುದೇ ಇಲ್ಲ, ಅವನಿಗೂ ಬೇಜಾರಾಗಬಾರದು. ಗಂಡಸರು ಜಾಸ್ತಿ ಇದ್ದರೆ ಒಳಗೆ ಬಿಡಲ್ಲ ಅಂತ ಕೇಳಿದ್ದೇವೆ, ನಿಜಾನಾ? ಕನ್ನಡದಲ್ಲೇ ಮಾತಾಡಿದರೆ ನಡೆಯುತ್ತಾ? ರಾತ್ರಿ ವಾಪಸ್ ಬರುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಯಶವಂತಪುರದ ನಂಜ:

ನಾನೂ ತುಮಕೂರಿನವನೇ ಗುರು, ಕ್ಯಾತ್ಸಂದ್ರ. ಈಗ ಯಶವಂತಪುರದಲ್ಲಿದ್ದೇನೆ.

ಮೊದಲ ಮಾತು, ಒಂದೇ ರಾತ್ರಿ ಇಡೀ ಬೆಂಗಳೂರು ಸುತ್ತುವ ಪ್ಲಾನ್ ಬಿಡಿ. ಇಂದಿರಾನಗರದಿಂದ ಕೋರಮಂಗಲ, ಅಲ್ಲಿಂದ ಚರ್ಚ್ ಸ್ಟ್ರೀಟ್ ಅಂತ ಹೊರಟರೆ ಶನಿವಾರ ಸಂಜೆಯ ಟ್ರಾಫಿಕ್‌ನಲ್ಲೇ ಅರ್ಧ ರಾತ್ರಿ ಹೋಗುತ್ತೆ. ಒಂದು ಏರಿಯಾ ಹಿಡಿಯಿರಿ, ನಡೆದುಕೊಂಡೇ ಎರಡು ಮೂರು ಜಾಗ ನೋಡಿ. ನಡೆದು ನೋಡುವುದಕ್ಕೆ ಚರ್ಚ್ ಸ್ಟ್ರೀಟ್ ಮತ್ತು ಬ್ರಿಗೇಡ್ ರೋಡಿಗಿಂತ ಒಳ್ಳೆ ಜಾಗ ಇಲ್ಲ. ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದರೆ ಎದುರಿಗೇ ಇದೆ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ ಹೊಸದು ಮಾಡಿದ ಮೇಲೆ ಓಡಾಡುವುದಕ್ಕೇ ಖುಷಿ. ಸಂಜೆ ಐದಕ್ಕೆ ಬಂದರೆ ಕುಡಿಯದ ಗೆಳೆಯ ಬ್ಲಾಸಮ್ಸ್ ಪುಸ್ತಕದಂಗಡಿಯಲ್ಲಿ ಒಂದು ಗಂಟೆ ಆರಾಮಾಗಿ ಕಳೆಯಬಹುದು.

ಅಲ್ಲೇ ರೆಸ್ಟ್ ಹೌಸ್ ರಸ್ತೆಯಲ್ಲಿ ಪೆಕೋಸ್ ಇದೆ. 1989ರಿಂದ ನಡೀತಿರುವ ಪಬ್. ಇಕ್ಕಟ್ಟಾದ ಮೆಟ್ಟಿಲು, ಮರದ ಬೆಂಚು, ಗೋಡೆ ತುಂಬ ಹಳೆ ರಾಕ್ ಗಾಯಕರ ಪೋಸ್ಟರ್, ಬಾಟಲಿ ಬದಲು ನಲ್ಲಿಯಿಂದ ಮಗ್‌ಗೆ ಹಿಡಿದು ಕೊಡುವ ಡ್ರಾಟ್ ಬಿಯರ್. ಥಳುಕು ಏನೂ ಇಲ್ಲ. ಕಾಲೇಜು ಹುಡುಗರು, ತಲೆ ನೆರೆತ ಅಂಕಲ್‌ಗಳು ಅಕ್ಕಪಕ್ಕ ಕೂತಿರುತ್ತಾರೆ. ಮೊದಲ ಸಲ ಬರುವವರಿಗೆ ಸಂಕೋಚ ಬಿಡಿಸುವ ಜಾಗ ಅದು, ಅಲ್ಲಿಂದ ಶುರು ಮಾಡಿ.

ಬ್ರೂವರಿ ನೋಡಲೇಬೇಕು ಅಂದರೆ ಹತ್ತಿರದ ಮ್ಯಾಗ್ರತ್ ರಸ್ತೆಯಲ್ಲಿ ಆರ್ಬರ್, ಇಲ್ಲವೇ ಮೆಟ್ರೋ ಹತ್ತಿ ಇಂದಿರಾನಗರದ ಟಾಯ್ಟ್. ಈ ಮೈಕ್ರೋಬ್ರೂವರಿಗಳು ಬೆಂಗಳೂರಿನಲ್ಲಿ ಶುರುವಾಗಿದ್ದು 2010-11ರ ಸುಮಾರಿಗೆ. ಬಿಯರ್ ಅಲ್ಲೇ ತಯಾರಾಗುತ್ತೆ, ಗಾಜಿನ ಹಿಂದೆ ದೊಡ್ಡ ಟ್ಯಾಂಕ್‌ಗಳು ಕಾಣುತ್ತವೆ. ನಮ್ಮೂರಲ್ಲಿ ಸ್ಟ್ರಾಂಗ್ ಬಿಯರ್ ಕುಡಿದು ಅಭ್ಯಾಸ ಇರುವವರಿಗೆ ಮೊದಲ ಗುಟುಕು ಸಪ್ಪೆ ಅನಿಸಬಹುದು. ತಾಳಿ, ನಿಧಾನಕ್ಕೆ ಕುಡಿಯಿರಿ. ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಯಾರೂ ಎಸೆನ್ಸ್ ಹಾಕಿರಲ್ಲ, ಅದು ಹುದುಗು ಬರಿಸುವ ಯೀಸ್ಟ್ ಕೊಡುವ ವಾಸನೆ. ಸ್ಟೌಟ್ ಅನ್ನುವ ಬಿಯರ್ ಕಪ್ಪಗಿರುತ್ತೆ, ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಚೆನ್ನಾಗಿ ಹುರಿದಿರುವುದರಿಂದ ಕಾಫಿ ಥರ ಕಹಿ. ಐಪಿಎ ಅನ್ನುವ ಬಿಯರ್‌ನಲ್ಲಿ ಹಾಪ್ಸ್ ಅನ್ನುವ ಕಹಿ ಹೂವು ಜಾಸ್ತಿ, ಅದೂ ಕಹಿನೇ, ಆದರೆ ಬೇರೆ ಥರ. ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಹಾಕಿ ಒಂದು ಬಿಯರ್ ಮಾಡುತ್ತಾರೆ, ಹಗುರವಾಗಿರುತ್ತೆ, ನಿಮಗೆ ಅದು ಮೊದಲು. ಯಾವುದು ಬೇಕು ಅಂತ ಗೊತ್ತಾಗದಿದ್ದರೆ ಸ್ಯಾಂಪ್ಲರ್ ಕೇಳಿ, ಎಲ್ಲವೂ ಚಿಕ್ಕ ಚಿಕ್ಕ ಗ್ಲಾಸಲ್ಲಿ ಬರುತ್ತೆ, ಕುಡಿಯುವವರೆಲ್ಲ ಹಂಚಿಕೊಂಡು ರುಚಿ ನೋಡಬಹುದು. ಬ್ರೂವರಿಯ ಮಜಾ ಇರುವುದೇ ಅಲ್ಲಿ.

ಕನ್ನಡದ ಬಗ್ಗೆ ಚಿಂತೆ ಬೇಡ. ಬಾಗಿಲಲ್ಲಿರುವ ಬೌನ್ಸರ್, ಪಾರ್ಕಿಂಗ್‌ನವರು ಎಷ್ಟೋ ಕಡೆ ನಮ್ಮವರೇ. ಟೇಬಲ್ ಹತ್ತಿರ ಬರುವ ಹುಡುಗರು ಹೊರ ರಾಜ್ಯದವರಿರಬಹುದು, ಅವರಿಗೂ ಆರ್ಡರ್‌ಗೆ ಬೇಕಾದಷ್ಟು ಕನ್ನಡ ಬರುತ್ತೆ. ನೀವು ಕನ್ನಡದಲ್ಲೇ ಶುರು ಮಾಡಿ, ದುಡ್ಡು ಕೊಡುವವರು ನೀವು ತಾನೇ.

ಮಾರಿಕುಪ್ಪಂ ಪ್ಯಾಸೆಂಜರ್:

ನಾನು ಕೆಜಿಎಫ್ ಕಡೆಯವನು, ವಯಸ್ಸು ಅರವತ್ತು ದಾಟಿದೆ. ಪೆಕೋಸ್ ಹೆಸರು ನೋಡಿ ಬರೆಯಬೇಕು ಅನಿಸಿತು.

ಬೆಂಗಳೂರಿಗೆ ಪಬ್ ಸಿಟಿ ಅನ್ನುವ ಹೆಸರು ಬಂದದ್ದು 80ರ ದಶಕದ ಕೊನೆ, 90ರ ದಶಕದಲ್ಲಿ. ಚರ್ಚ್ ಸ್ಟ್ರೀಟಿನಲ್ಲಿ ನಾಸಾ ಅಂತ ಒಂದು ಪಬ್ ಇತ್ತು, ಒಳಗೆ ರಾಕೆಟ್ ಥರ ಮಾಡಿದ್ದರು. ರೆಸಿಡೆನ್ಸಿ ರಸ್ತೆಯಲ್ಲಿ ಪಬ್ ವರ್ಲ್ಡ್ ಇತ್ತು. ನಾವು ಕೋಲಾರದ ಹುಡುಗರು ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತಿದ್ದೆವು. ಅಲ್ಲೇ ಕಾಕ್‌ಬರ್ನ್ ರಸ್ತೆಯಲ್ಲಿ ಡ್ಯೂವರ್ಸ್ ಬಾರ್. 1933ರದ್ದು. ಬೆತ್ತದ ಕುರ್ಚಿ, ಎತ್ತರದ ಛಾವಣಿ, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಈಗ ಅದಿಲ್ಲ. ನಾಸಾನೂ ಇಲ್ಲ. ಹೋದ ಜಾಗಗಳ ಬಗ್ಗೆ ನನಗೆ ಬೇಸರ ಇದೆ, ಅದಕ್ಕೇ ಹೇಳುತ್ತೇನೆ ಮಕ್ಕಳೇ, ಉಳಿದಿರುವ ಹಳೆಯದನ್ನು ಮೊದಲು ನೋಡಿ. ಹೊಸದು ಎಲ್ಲ ಊರಿನಲ್ಲೂ ಒಂದೇ ಥರ ಇರುತ್ತೆ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಬಿಡಬೇಡಿ. ಅಲ್ಲಿ ಬಿಯರೂ ಸಿಗುತ್ತೆ, ಕಾಫಿಯೂ ಸಿಗುತ್ತೆ, ಕುಡಿಯದ ನಿಮ್ಮ ಗೆಳೆಯನನ್ನು ಯಾರೂ ಬೇರೆ ಥರ ನೋಡುವುದಿಲ್ಲ. ಹರಟೆಗೆ ಅಂತಲೇ ಬರುವವರು ಜಾಸ್ತಿ.

ಇನ್ನೊಂದು. ಕುಣಿಯಬೇಕು ಅಂತಿದ್ದರೆ ವಿಚಾರಿಸಿಕೊಂಡು ಹೋಗಿ. 2008ರ ಸುಮಾರಿಗೆ ಪೊಲೀಸರು ಬಿಗಿ ಮಾಡಿದಾಗ ಎಷ್ಟೋ ಪಬ್‌ಗಳಲ್ಲಿ ಡಾನ್ಸ್ ಮಾಡಬಾರದು ಅಂತ ಬೋರ್ಡ್ ಹಾಕಿದ್ದರು. ಹಾಡು ಜೋರಾಗಿ ಬರ್ತಿದೆ, ಜನ ಸುಮ್ನೆ ಕೂತಿದ್ದಾರೆ, ಹಾಗಿತ್ತು ಆಗ. ಲೈವ್ ಬ್ಯಾಂಡ್, ಡಿಸ್ಕೊ ನಡೆಸುವುದಕ್ಕೆ ಪೊಲೀಸ್ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದಕ್ಕೇ ಪಬ್ ಬೇರೆ, ಡಾನ್ಸ್ ಫ್ಲೋರ್ ಇರುವ ಕ್ಲಬ್ ಬೇರೆ.

ನಂದಿ ತಪ್ಪಲಿನವಳು:

ಚಿಕ್ಕಬಳ್ಳಾಪುರದವಳು, ಕೆಲಸ ಬೆಂಗಳೂರಿನಲ್ಲಿ. ಕ್ಲಬ್ ವಿಷಯ ನಾನು ಹೇಳುತ್ತೇನೆ.

ಗಂಡಸರ ಗುಂಪನ್ನು ಬಿಡಲ್ಲ ಅನ್ನುವುದು ಕ್ಲಬ್‌ಗಳಲ್ಲಿ ಬಹಳ ಮಟ್ಟಿಗೆ ನಿಜ. ಸ್ಟ್ಯಾಗ್ ಎಂಟ್ರಿ ಅಂತಾರೆ. ಕೆಲವು ಕಡೆ ಬಿಡುವುದೇ ಇಲ್ಲ, ಕೆಲವು ಕಡೆ ಕವರ್ ಚಾರ್ಜ್, ಅಂದರೆ ಒಳಗೆ ಹೋಗುವುದಕ್ಕೆ ಕೊಡುವ ದುಡ್ಡು, ಜಾಸ್ತಿ. ಈ ಕವರ್ ಚಾರ್ಜ್ ಪೂರ್ತಿ ಬಿಲ್ಲಿಗೆ ವಜಾ ಆಗುತ್ತಾ, ಅರ್ಧ ಆಗುತ್ತಾ, ಏನೂ ಆಗಲ್ವಾ ಅಂತ ಬಾಗಿಲಲ್ಲೇ ಕೇಳಿ. ಒಳಗೆ ಹೋದ ಮೇಲೆ ಕೇಳಿ ಪ್ರಯೋಜನ ಇಲ್ಲ. ಪಬ್, ಬ್ರೂವರಿಗಳಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ, ಆದರೆ ಶನಿವಾರ ಟೇಬಲ್ ಸಿಗಲ್ಲ, ಫೋನ್ ಮಾಡಿ ಬುಕ್ ಮಾಡಿಕೊಳ್ಳಿ. ಚಪ್ಪಲಿ, ಚಡ್ಡಿ ಹಾಕಿಕೊಂಡು ಬಂದ ಗಂಡಸರನ್ನು ಕ್ಲಬ್‌ನಲ್ಲಿ ವಾಪಸ್ ಕಳಿಸುತ್ತಾರೆ, ಶೂ ಇರಲಿ. ಎಲ್ಲರೂ ಐಡಿ ಇಟ್ಟುಕೊಳ್ಳಿ, 21 ಆಗಿದೆಯಾ ಅಂತ ನೋಡುತ್ತಾರೆ. ಹುಕ್ಕಾ ಇದೆ ಅಂತ ಯಾರಾದರೂ ಕರೆದರೆ ಹೋಗಬೇಡಿ, 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ನಿಷೇಧ.

ಬಿಲ್ ಬಂದಾಗ ಸಾಲು ಸಾಲು ಓದಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಊಟಕ್ಕೆ ಇದೆ. ಸರ್ವಿಸ್ ಚಾರ್ಜ್ ಅಂತ ಹತ್ತು ಪರ್ಸೆಂಟ್ ಹಾಕಿದ್ದರೆ ಅದನ್ನು ಕೊಡಲೇಬೇಕು ಅಂತಿಲ್ಲ. ಗ್ರಾಹಕರನ್ನು ಕೇಳದೆ ತಾವೇ ಸೇರಿಸಬಾರದು ಅಂತ 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಒಂದು ಕಡೆ ನಾನು ತೆಗೆಯಿರಿ ಅಂದಾಗ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡ, ಕೊನೆಗೆ ತೆಗೆದ. ಆ ದುಡ್ಡನ್ನು ಟೇಬಲ್ ನೋಡಿಕೊಂಡ ಹುಡುಗನ ಕೈಗೇ ಕೊಟ್ಟು ಬಂದೆ. ನೀವೂ ಹಾಗೇ ಮಾಡಿ, ರಾತ್ರಿ ಒಂದರವರೆಗೆ ನಿಂತೇ ಕೆಲಸ ಮಾಡುವವರು ಅವರು.

ಜೊತೆಗೆ ಬರುವ ಅಕ್ಕನಿಗೆ ಹೇಳಿ, ಬ್ರೂವರಿಗಳಲ್ಲಿ ಹೆಂಗಸರೇ ಗುಂಪಾಗಿ ಕೂತಿರುತ್ತಾರೆ, ಯಾರೂ ತಿರುಗಿ ನೋಡಲ್ಲ. ನನಗೆ ಈ ಊರು ಕೊಟ್ಟ ದೊಡ್ಡ ಬಿಡುಗಡೆ ಅದು. ಕ್ಲಬ್‌ನಲ್ಲಿ ಮಾತ್ರ ಗ್ಲಾಸ್ ಟೇಬಲ್ ಮೇಲೆ ಬಿಟ್ಟು ಕುಣಿಯಲು ಹೋಗಬಾರದು. ಬಿಟ್ಟು ಹೋದರೆ ವಾಪಸ್ ಬಂದು ಅದನ್ನು ಕುಡಿಯಬಾರದು. ಇದು ಗಂಡಸರಿಗೂ ಅನ್ವಯ.

ನನ್ನನ್ನು ಕೇಳಿದರೆ ಹೇಳುವುದು, ಮೊದಲ ಸಲಕ್ಕೆ ಕ್ಲಬ್ ಬೇಡ. ಅಲ್ಲಿ ಪಕ್ಕದವರ ಮಾತೂ ಕೇಳಲ್ಲ, ನಿಮಗೆ ಬೇಕಿರುವುದು ಕೂತು ಮಾತಾಡುವ ಜಾಗ.

ಹೊಸಕೋಟೆ ಟೋಲ್:

ಕೋಲಾರ. ಎಲ್ಲರೂ ಸಿಟಿ ಒಳಗಿನದ್ದೇ ಹೇಳುತ್ತಿದ್ದಾರೆ. ನಮ್ಮ ಕಡೆಯಿಂದ ಬರುವವರಿಗೆ ಹಳೆ ಮದ್ರಾಸ್ ರಸ್ತೆಯಲ್ಲೇ ಗೈಸ್ಟ್ ಬ್ರೂವರಿ ಸಿಗುತ್ತೆ. ಚಿಕ್ಕಬಳ್ಳಾಪುರದವರಿಗೆ ಹೆಣ್ಣೂರು ಕಡೆಯ ಬಿಗ್ ಬ್ರೂಸ್ಕಿ ಹತ್ತಿರ, ಎಷ್ಟು ದೊಡ್ಡದು ಅಂದರೆ ಒಳಗೆ ಗೆಳೆಯರನ್ನು ಹುಡುಕಬೇಕು. ಒಳ್ಳೆ ಹಾಡು ಬೇಕು ಅನ್ನುವವರಿಗೆ ವೈಟ್‌ಫೀಲ್ಡ್ ಕಡೆಯ ವಿಂಡ್‌ಮಿಲ್ಸ್, ಅಲ್ಲಿ ಬ್ರೂವರಿ ಜೊತೆಗೆ ಪುಸ್ತಕದ ಕಪಾಟು, ಜಾಝ್ ಕಛೇರಿ ಎರಡೂ ಇವೆ. ತುಮಕೂರಿಂದ ಅದು ಊರಿನ ಇನ್ನೊಂದು ತುದಿ, ಅದಕ್ಕೇ ಬೇರೆ ದಿನ ಇಟ್ಟುಕೊಳ್ಳಿ. ಮಾವಿನ ಸೀಸನ್‌ನಲ್ಲಿ ಬಂದರೆ ಕೆಲವು ಬ್ರೂವರಿಗಳಲ್ಲಿ ಮಾವಿನ ಬಿಯರ್ ಇರುತ್ತೆ, ಶ್ರೀನಿವಾಸಪುರದ ಹಣ್ಣು ತಿಂದು ಬೆಳೆದವನಾಗಿ ಹೇಳುತ್ತೇನೆ, ಒಂದು ಗ್ಲಾಸ್ ಸಾಕು.

ಬೈಕ್, ಕಾರು ತರಲೇಬೇಡಿ. 100 ಎಂಎಲ್ ರಕ್ತದಲ್ಲಿ 30 ಎಂಜಿ ಆಲ್ಕೋಹಾಲ್ ದಾಟಿದರೆ ಕೇಸ್, ಮೊದಲ ಸಲಕ್ಕೇ 10 ಸಾವಿರದವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಂದೇ ಬಿಯರ್ ಅಲ್ವಾ ಅನ್ನುವ ಲೆಕ್ಕ ಬೇಡ. ಹೆದ್ದಾರಿಯಲ್ಲಿ ರಾತ್ರಿ ಲಾರಿಗಳ ಮಧ್ಯೆ ಹಾಗೆ ಹೊರಟು ಮನೆ ತಲುಪದವರನ್ನು ನಮ್ಮ ಊರಲ್ಲೇ ನೋಡಿದ್ದೇನೆ.

ಶಿರಾಗೇಟ್ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಕ್ಲಬ್ ಈ ಸಲ ಬಿಟ್ಟೆವು. ಸಂಜೆ ಕೋಶೀಸ್, ಆಮೇಲೆ ಪೆಕೋಸ್, ಆಮೇಲೆ ಒಂದು ಬ್ರೂವರಿ. ಕಾರು ತರಲ್ಲ. ವಾಪಸ್ ಬರುವುದು ಮತ್ತು ದುಡ್ಡು, ಇವೆರಡು ಮಾತ್ರ ಇನ್ನೂ ಉಳಿದಿವೆ.

ಯಶವಂತಪುರದ ನಂಜ:

ಬರುವಾಗ ಬಸ್ಸಲ್ಲಿ ಬಂದು ಮಾದಾವರದಲ್ಲಿ ಇಳಿದು ಹಸಿರು ಮೆಟ್ರೋ ಹತ್ತಿ. 2024ರ ನವೆಂಬರ್‌ನಲ್ಲಿ ಆ ಸ್ಟೇಷನ್ ಶುರುವಾದ ಮೇಲೆ ತುಮಕೂರಿನವರಿಗೆ ಗೊರಗುಂಟೆಪಾಳ್ಯದ ಜಾಮ್ ತಪ್ಪಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ, ಎಂ.ಜಿ. ರೋಡ್.

ಪಬ್‌ಗಳು ರಾತ್ರಿ ಒಂದರವರೆಗೆ ಇದ್ದರೂ ಮೆಟ್ರೋ ಹನ್ನೊಂದರ ಸುಮಾರಿಗೆ ನಿಲ್ಲುತ್ತೆ, ನೀವು ಹತ್ತೂಕಾಲಿಗೆ ಬಿಲ್ ಕೇಳಿ. ಮೆಜೆಸ್ಟಿಕ್‌ನಿಂದ ರಾತ್ರಿಯಿಡೀ ಶಿವಮೊಗ್ಗ, ಚಿತ್ರದುರ್ಗ, ಹುಬ್ಬಳ್ಳಿ ಬಸ್ಸುಗಳು ತುಮಕೂರು ಮೇಲೇ ಹೋಗುತ್ತವೆ. ಕೆಲವು ಊರೊಳಗೆ ಬರಲ್ಲ, ಬೈಪಾಸ್‌ನಲ್ಲಿ ಇಳಿಸುತ್ತವೆ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ. ಹೆಂಗಸರು ಜೊತೆಗಿರುವಾಗ ಬೈಪಾಸ್‌ನಲ್ಲಿ ಆಟೋಗೆ ಕಾಯುವುದು ಬೇಡ ಅನಿಸಿದರೆ ಯಶವಂತಪುರದಲ್ಲೇ ಒಂದು ಲಾಡ್ಜ್ ಮಾಡಿ, ಬೆಳಿಗ್ಗೆ ರೈಲಿಗೆ ಹೋಗಿ. ನಾನಾಗಿದ್ದರೆ ಅದೇ ಮಾಡುತ್ತೇನೆ.

ದುಡ್ಡು, ಬ್ರೂವರಿಯಲ್ಲಿ ಒಂದು ದೊಡ್ಡ ಗ್ಲಾಸ್ ನಾನೂರು ಐನೂರು ಆಗಬಹುದು. ಊಟ ಸೇರಿ ತಲೆಗೆ ಎರಡು ಸಾವಿರ ಇಟ್ಟುಕೊಳ್ಳಿ. ಕುಡಿಯದವನ ಪಾಲು ಬೇರೆ ಲೆಕ್ಕ ಹಾಕಿ, ಬಿಲ್ ಸಮನಾಗಿ ಹಂಚಿದರೆ ಅವನಿಗೆ ಅನ್ಯಾಯ. ಹೊರಡುವ ಮೊದಲು ಎಲ್ಲರೂ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ, ಮಧ್ಯೆ ಮಧ್ಯೆ ನೀರು ಕೇಳಿ. ಬರುವ ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಶನಿವಾರ ನನಗೆ ರಜೆ ಇದ್ದರೆ ಎಂ.ಜಿ. ರೋಡಿಗೆ ನಾನೂ ಬರುತ್ತೇನೆ.